ಮೂರು ಸ್ಥಾನ, ಆರು ಅರ್ಜಿ: ವೈದ್ಯರ ಸಂಘದ ನಾಮನಿರ್ದೇಶನ ಸಮಿತಿಯಲ್ಲಿ

ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ರಾಜ್ಯದಲ್ಲಿ ನಾನು ಕುಟುಂಬ ವೈದ್ಯೆಯಾಗಿದ್ದೇನೆ. ನಮ್ಮ ರಾಜ್ಯದ ಆಸ್ಟಿಯೋಪಥಿಕ್ ವೈದ್ಯರ ಸಂಘದ ಆಡಳಿತ ಮಂಡಳಿಯಲ್ಲಿ ಪ್ರತಿ ವರ್ಷವೂ ಕೆಲವು ಸ್ಥಾನಗಳು ತೆರವಾಗುತ್ತವೆ. ಅವುಗಳಿಗೆ ಯಾರ ಹೆಸರನ್ನು ಸೂಚಿಸಬೇಕೆಂದು ನಿರ್ಧರಿಸುವ ನಾಮನಿರ್ದೇಶನ ಸಮಿತಿಗೆ ನಮ್ಮ ಜಿಲ್ಲಾ ಘಟಕ ಈಚೆಗೆ ನನ್ನನ್ನು ಕಳಿಸಿತ್ತು. ಕಳಿಸಿತ್ತು ಎನ್ನುವುದಕ್ಕಿಂತ, ಆ ಸಂಜೆಯ ಸಭೆಯಲ್ಲಿ ಬೇರೆ ಯಾರೂ ಕೈ ಎತ್ತಲಿಲ್ಲ ಎಂದರೆ ಹೆಚ್ಚು ಸರಿಯಾದೀತು. ವೈದ್ಯರ ಸಂಘಗಳ ಚುನಾವಣೆಗಳ ಬಗ್ಗೆ ಹೊರಗೆ ಕಾಣುವುದು ಫಲಿತಾಂಶದ ಒಂದು ಸಾಲು ಮಾತ್ರ. ಅಭ್ಯರ್ಥಿಗಳು ಎಲ್ಲಿಂದ ಬರುತ್ತಾರೆ, ಅವರನ್ನು ಯಾರು ಜರಡಿ ಹಿಡಿಯುತ್ತಾರೆ, ಯಾವ ಪ್ರಶ್ನೆಯ ಮೇಲೆ ಒಬ್ಬರು ಉಳಿದು ಇನ್ನೊಬ್ಬರು ಹೋಗುತ್ತಾರೆ ಎಂಬುದನ್ನು ಒಳಗೆ ಕುಳಿತು ನೋಡಿದವರು ಸಾಮಾನ್ಯವಾಗಿ ಬರೆಯುವುದಿಲ್ಲ. ಗುಟ್ಟು ಕಾಪಾಡುವ ಕರಾರಿಗೆ ನಾನೂ ಸಹಿ ಹಾಕಿದ್ದೇನೆ. ಆದ್ದರಿಂದ ಇಲ್ಲಿ ಯಾರ ಹೆಸರೂ ಇಲ್ಲ, ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ; ಪ್ರಕ್ರಿಯೆಯನ್ನು ಮಾತ್ರ ನಡೆದಂತೆಯೇ ಹೇಳುತ್ತೇನೆ.

ಕನ್ನಡ ಓದುಗರಿಗೆ ಮೊದಲು ಒಂದು ವಿಷಯ ಸ್ಪಷ್ಟಪಡಿಸಬೇಕು, ಏಕೆಂದರೆ ಊರಿನಲ್ಲಿ ನನ್ನ ಬಂಧುಗಳಲ್ಲಿ ಅರ್ಧದಷ್ಟು ಜನ ನನ್ನನ್ನು ಮೂಳೆ ವೈದ್ಯೆ ಎಂದು ತಿಳಿದಿದ್ದಾರೆ. ಅಮೆರಿಕದಲ್ಲಿ ಪೂರ್ಣ ಪ್ರಮಾಣದ ವೈದ್ಯರಾಗಲು ಎರಡು ಪದವಿಗಳಿವೆ, ಎಂ.ಡಿ. ಮತ್ತು ನನ್ನಂತಹ ಆಸ್ಟಿಯೋಪಥಿಕ್ ವೈದ್ಯರು ಪಡೆಯುವ ಡಿ.ಒ. ಎರಡಕ್ಕೂ ನಾಲ್ಕು ವರ್ಷಗಳ ವೈದ್ಯಕೀಯ ಕಾಲೇಜು, ಆಮೇಲೆ ಆಸ್ಪತ್ರೆಯಲ್ಲಿ ದುಡಿಯುತ್ತ ಕಲಿಯುವ ರೆಸಿಡೆನ್ಸಿ ತರಬೇತಿ. ಔಷಧಿ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಹಕ್ಕು ಎರಡಕ್ಕೂ ಒಂದೇ. ಡಿ.ಒ. ವಿದ್ಯಾರ್ಥಿಗಳು ಇದರ ಜೊತೆಗೆ ಬೆನ್ನುಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದ ಪರೀಕ್ಷಿಸಿ ಚಿಕಿತ್ಸೆ ನೀಡುವ ವಿದ್ಯೆಯನ್ನೂ ಕಲಿಯುತ್ತಾರೆ. ಬ್ರಿಟನ್ನಿನಲ್ಲಿ ಆಸ್ಟಿಯೋಪಾತ್ ಎಂದು ಕರೆಸಿಕೊಳ್ಳುವವರು ಕೈಚಿಕಿತ್ಸೆಯಷ್ಟನ್ನೇ ಮಾಡುವವರು, ಅವರಿಗೂ ಅಮೆರಿಕದ ಡಿ.ಒ.ಗಳಿಗೂ ಬಹಳ ವ್ಯತ್ಯಾಸವಿದೆ. ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ 1892ರಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು ಈ ಪದ್ಧತಿಯ ಮೊದಲ ಕಾಲೇಜನ್ನು ತೆರೆದರು. ಮೆದುಳು ಪೊರೆಯ ಉರಿಯೂತದಿಂದ ಒಂದೇ ವರ್ಷ ಮೂವರು ಮಕ್ಕಳನ್ನು ಕಳೆದುಕೊಂಡು, ಆ ಕಾಲದ ಪಾದರಸದ ಔಷಧಿಗಳ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. ಐದು ವರ್ಷಗಳ ನಂತರ, 1897ರಲ್ಲಿ, ಅದೇ ಊರಿನಲ್ಲಿ ಹುಟ್ಟಿದ ಸಂಘವೇ ಇಂದಿನ ಅಮೆರಿಕನ್ ಆಸ್ಟಿಯೋಪಥಿಕ್ ಅಸೋಸಿಯೇಷನ್; ನಾವು ಎಒಎ ಎನ್ನುತ್ತೇವೆ.

ರಾಜ್ಯ ಸಂಘಗಳು ಎಒಎಗೆ ಅಂಗಸಂಸ್ಥೆಗಳಂತೆ ಇವೆ, ಆದರೆ ಹಣಕಾಸು, ನಿಯಮಾವಳಿ, ಆಡಳಿತ ಮಂಡಳಿ ಎಲ್ಲವೂ ಪ್ರತ್ಯೇಕ. ಪ್ರತಿ ವರ್ಷ ಜುಲೈನಲ್ಲಿ ಎಒಎಯ ಪ್ರತಿನಿಧಿ ಸಭೆ ಸೇರುತ್ತದೆ, ಅದಕ್ಕೆ ರಾಜ್ಯಗಳಿಂದ ಪ್ರತಿನಿಧಿಗಳು ಹೋಗುತ್ತಾರೆ. ರಾಜ್ಯ ಮಟ್ಟದಲ್ಲಿಯೂ ಅದರದೇ ಸಣ್ಣ ಪಡಿಯಚ್ಚು: ಜಿಲ್ಲಾ ಘಟಕಗಳಿಂದ ಬಂದವರ ಪ್ರತಿನಿಧಿ ಸಭೆ ವರ್ಷಕ್ಕೊಮ್ಮೆ ಸೇರಿ ನಿರ್ಣಯಗಳನ್ನು ಅಂಗೀಕರಿಸುತ್ತದೆ ಮತ್ತು ಆಡಳಿತ ಮಂಡಳಿಯನ್ನು ಆರಿಸುತ್ತದೆ. ಉಳಿದ ಹನ್ನೊಂದೂವರೆ ತಿಂಗಳು ಸಂಘ ನಡೆಯುವುದು ಮಂಡಳಿಯ ಮಾತಿನ ಮೇಲೆ. ಮಂಡಳಿಯ ಸದಸ್ಯರಿಗೆ ಸಂಬಳವಿಲ್ಲ. ಸಂಬಳ ಪಡೆಯುವವರು ಕಾರ್ಯನಿರ್ವಾಹಕ ನಿರ್ದೇಶಕರು ಮತ್ತು ಕಚೇರಿಯ ಸಿಬ್ಬಂದಿ. ವಿಮಾ ಕಂಪನಿಗಳ ಪೂರ್ವಾನುಮತಿಯ ಕಾಟ, ಬಡವರ ಸರ್ಕಾರಿ ವಿಮೆಯ ದರಗಳು, ವೈದ್ಯರಲ್ಲದವರಿಗೆ ಸ್ವತಂತ್ರವಾಗಿ ಚಿಕಿತ್ಸೆ ನೀಡುವ ಅಧಿಕಾರ ಕೊಡುವ ಮಸೂದೆಗಳು, ಇವೆಲ್ಲದರಲ್ಲಿ ಶಾಸಕರ ಮುಂದೆ ಏನು ಹೇಳಬೇಕು, ಯಾವುದಕ್ಕೆ ದುಡ್ಡು ಖರ್ಚು ಮಾಡಬೇಕು ಎಂದು ತೀರ್ಮಾನಿಸುವವರು ಆ ಮೇಜಿನ ಸುತ್ತ ಕುಳಿತ ಕೆಲವೇ ಜನ.

ಸಮಿತಿಯ ಮೊದಲ ಸಭೆ ವಿಡಿಯೊ ಕರೆಯಲ್ಲಿ ನಡೆಯಿತು. ಅಧ್ಯಕ್ಷತೆ ವಹಿಸಿದವರು ನಿವೃತ್ತಿಯ ಹತ್ತಿರವಿದ್ದ ಒಬ್ಬ ಶಸ್ತ್ರವೈದ್ಯರು. ಅವರು ಮೊದಲು ಉಪವಿಧಿಗಳ ಪ್ರತಿಯನ್ನು ನಮ್ಮ ಮುಂದಿಟ್ಟು ಸಾಲು ಸಾಲಾಗಿ ಓದಿಸಿದರು. ಸಮಿತಿಯಲ್ಲಿ ಇರುವವರು ಅಭ್ಯರ್ಥಿಗಳಾಗುವಂತಿಲ್ಲ. ಸಂಘದ ಹಾಲಿ ಅಧ್ಯಕ್ಷರು ಸಮಿತಿಗೆ ಬರುವಂತಿಲ್ಲ. ಈ ಎರಡನೆಯದು ಇಲ್ಲಿನ ಬಹುಪಾಲು ಸಂಘಗಳು ಸಭಾ ನಡವಳಿಕೆಗೆ ಪ್ರಮಾಣವೆಂದು ಇಟ್ಟುಕೊಂಡಿರುವ ರಾಬರ್ಟ್ಸ್ ನಿಯಮಗಳ ಸಲಹೆ. 1876ರಲ್ಲಿ ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಸೇನಾ ಎಂಜಿನಿಯರ್ ಮೊದಲು ಪ್ರಕಟಿಸಿದ ಆ ನಿಯಮಗಳ ಪ್ರಕಾರ, ಸಮಿತಿ ಹೆಸರುಗಳನ್ನು ಓದಿದ ಮೇಲೆ ಸಭೆಯಲ್ಲಿ ಕುಳಿತವರೂ ಬೇರೆ ಹೆಸರನ್ನು ಸೂಚಿಸಲು ಅವಕಾಶ ಕೊಡಲೇಬೇಕು. ನಮ್ಮ ಉಪವಿಧಿಯಲ್ಲೂ ಆ ಸಾಲಿತ್ತು. ಆದರೆ ಯಾರ ನೆನಪಿನಲ್ಲೂ ಅದನ್ನು ಬಳಸಿದ ಉದಾಹರಣೆ ಸುಲಭವಾಗಿ ಬರಲಿಲ್ಲ. ಮೂರು ಸ್ಥಾನ ತೆರವಾದರೆ ಸಮಿತಿ ಮೂರು ಹೆಸರು ಕೊಡುವುದು, ಸಭೆ ಚಪ್ಪಾಳೆ ತಟ್ಟುವುದು ರೂಢಿ.

ಆ ವಾರ ತೀರ್ಥಹಳ್ಳಿಯ ದೊಡ್ಡಪ್ಪನ ಜೊತೆ ಫೋನಿನಲ್ಲಿ ಮಾತನಾಡುವಾಗ ಈ ಕೆಲಸದ ಬಗ್ಗೆ ಹೇಳಿದೆ. ಅವರು ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರಲ್ಲಿ ಹಿಂದೆ ನಿರ್ದೇಶಕರಾಗಿದ್ದವರು. "ಅಂದ್ರೆ ಪ್ಯಾನಲ್ ಕಟ್ಟೋ ಕೆಲಸ ಅನ್ನು ಮಾರಾಯ್ತಿ. ಇಲ್ಲೂ ಅಷ್ಟೇ. ಪ್ಯಾನಲ್‌ನಲ್ಲಿ ಹೆಸರು ಬಂತು ಅಂದ್ರೆ ಮುಗೀತು, ಓಟು ಹಾಕೋದು ಶಾಸ್ತ್ರಕ್ಕೆ," ಎಂದರು. ನಮ್ಮದು ಹಾಗಲ್ಲ, ಇಲ್ಲಿ ಗುಂಪುಗಾರಿಕೆ ಇಲ್ಲ, ಅರ್ಜಿ ಕರೆದು ಸಂದರ್ಶನ ಮಾಡುತ್ತೇವೆ ಎಂದು ನಾನು ವಾದಿಸಿದೆ. "ಸರಿ, ನೋಡು," ಎಂದು ಅವರು ಮಳೆಯ ವಿಷಯಕ್ಕೆ ಹೋದರು.

ಅರ್ಜಿ ನಮೂನೆ ಸಣ್ಣದಿರಲಿಲ್ಲ. ವೈದ್ಯಕೀಯ ಪರವಾನಗಿ ಯಾವುದೇ ನಿರ್ಬಂಧವಿಲ್ಲದೆ ಚಾಲ್ತಿಯಲ್ಲಿದೆಯೇ, ಸದಸ್ಯತ್ವದ ಶುಲ್ಕ ಬಾಕಿ ಇದೆಯೇ, ಹಿಂದೆ ಯಾವ ಉಪಸಮಿತಿಗಳಲ್ಲಿ ದುಡಿದಿದ್ದೀರಿ ಎಂಬ ಸಾಧಾರಣ ಪ್ರಶ್ನೆಗಳ ನಂತರ ಹಿತಾಸಕ್ತಿ ಘೋಷಣೆಯ ಪುಟಗಳಿದ್ದವು. ಯಾವ ಆಸ್ಪತ್ರೆ, ವಿಮಾ ಕಂಪನಿ, ಔಷಧ ತಯಾರಕರು, ದೂರಚಿಕಿತ್ಸೆಯ ಕಂಪನಿಗಳಿಂದ ಹಣ ಪಡೆಯುತ್ತೀರಿ. ನಿಮ್ಮ ಮನೆಯವರು ಪಡೆಯುತ್ತಾರೆಯೇ. ಬೇರೆ ಯಾವ ಸಂಸ್ಥೆಯ ಮಂಡಳಿಯಲ್ಲಿದ್ದೀರಿ. ಸಂಘದ ಕಾನೂನು ಸಲಹೆಗಾರರು ನಮಗೆ ಇದರ ಹಿನ್ನೆಲೆಯನ್ನು ವಿವರಿಸಿದರು. ಲಾಭರಹಿತ ಸಂಸ್ಥೆಯ ಮಂಡಳಿ ಸದಸ್ಯರಿಗೆ ಇಲ್ಲಿನ ಕಾನೂನು ಮೂರು ಹೊಣೆಗಳನ್ನು ಹೊರಿಸುತ್ತದೆ: ಕಾಗದಪತ್ರ ಓದಿ, ವಿಚಾರ ಮಾಡಿ ಮತ ಹಾಕಬೇಕು; ಸ್ವಂತ ಲಾಭಕ್ಕಿಂತ ಸಂಸ್ಥೆಯ ಹಿತವನ್ನು ಮುಂದಿಡಬೇಕು; ಸಂಸ್ಥೆಯ ಉದ್ದೇಶಕ್ಕೆ ಮತ್ತು ಉಪವಿಧಿಗಳಿಗೆ ಬದ್ಧರಾಗಿರಬೇಕು. ಕೊನೆಗೆ, ಒಂದು ಪುಟ ಮೀರದ ಹೇಳಿಕೆ: ನಾನೇಕೆ ಈ ಸ್ಥಾನಕ್ಕೆ ಬರಲು ಬಯಸುತ್ತೇನೆ.

ಮೂರು ಸ್ಥಾನಗಳಿಗೆ ಆರು ಅರ್ಜಿಗಳು ಬಂದವು. ಹೇಳಿಕೆಗಳನ್ನು ಒಟ್ಟಿಗೆ ಓದಿದಾಗ ನನಗೆ ತುಸು ನಿರಾಸೆಯಾಯಿತು. ಎಲ್ಲರೂ ವೃತ್ತಿಯ ಧ್ವನಿಯಾಗಲು ಬಯಸಿದ್ದರು, ಎಲ್ಲರೂ ಮುಂದಿನ ಪೀಳಿಗೆಗೆ ದಾರಿ ಮಾಡಿಕೊಡಲು ಉತ್ಸುಕರಾಗಿದ್ದರು, ಎಲ್ಲರೂ ಸ್ಟಿಲ್ ಅವರನ್ನು ನೆನೆದಿದ್ದರು. ಹೆಸರುಗಳನ್ನು ಅದಲುಬದಲು ಮಾಡಿಟ್ಟಿದ್ದರೆ ಬರೆದವರಿಗೇ ತಮ್ಮದು ಯಾವುದೆಂದು ತಿಳಿಯುತ್ತಿತ್ತೋ ಇಲ್ಲವೋ. ವೈದ್ಯರು ರೋಗಿಯ ಕಡತದಲ್ಲಿ ಎಷ್ಟು ನಿಖರವಾಗಿ ಬರೆಯುತ್ತಾರೋ, ತಮ್ಮ ಬಗ್ಗೆ ಬರೆಯುವಾಗ ಅಷ್ಟೇ ಮಸುಕಾಗಿ ಬರೆಯುತ್ತಾರೆ ಎಂಬುದು ನನ್ನ ಅನುಭವ, ಅದಕ್ಕೆ ನಾನೂ ಹೊರತಲ್ಲ.

ಹೇಳಿಕೆಗಳನ್ನು ಬದಿಗಿಟ್ಟು ಸಂದರ್ಶನದಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳೋಣ ಎಂದವರು ನಮ್ಮ ಸಮಿತಿಯ ಅಧ್ಯಕ್ಷರು. ಆ ಪ್ರಶ್ನೆ ಹೀಗಿತ್ತು: "ಮುಂದಿನ ವರ್ಷ ಸಂಘದ ಆದಾಯ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ ಎಂದಿಟ್ಟುಕೊಳ್ಳಿ. ಯಾವ ಕೆಲಸವನ್ನು ನಿಲ್ಲಿಸುತ್ತೀರಿ?"

ಇದು ಬರಿಯ ಕಲ್ಪನೆಯ ಪ್ರಶ್ನೆಯಾಗಿರಲಿಲ್ಲ. ನಮ್ಮ ವೃತ್ತಿಯ ಸಂಘಗಳಿಗೆ ಸದಸ್ಯರು ತಾವಾಗಿಯೇ ಬಂದು ಸೇರುತ್ತಿದ್ದ ಕಾಲ ಮುಗಿದಿದೆ. ಮೊದಲು ಎಒಎ ನೀಡುವ ತಜ್ಞತೆಯ ಪ್ರಮಾಣಪತ್ರವನ್ನು ಉಳಿಸಿಕೊಳ್ಳಬೇಕಾದರೆ ಎಒಎ ಸದಸ್ಯತ್ವವೂ ಇರಬೇಕಾಗಿತ್ತು. ಅದನ್ನು ಪ್ರಶ್ನಿಸಿ ಕೆಲವು ವೈದ್ಯರು 2016ರಲ್ಲಿ ನ್ಯಾಯಾಲಯಕ್ಕೆ ಹೋದರು, ರಾಜಿಯಾಯಿತು, ಆ ಕಡ್ಡಾಯ ಹೋಯಿತು. ಇನ್ನೊಂದು ಕಡೆ, ಡಿ.ಒ. ಮತ್ತು ಎಂ.ಡಿ. ಪದವೀಧರರ ರೆಸಿಡೆನ್ಸಿ ತರಬೇತಿಗೆ ಪ್ರತ್ಯೇಕವಾಗಿದ್ದ ಮಾನ್ಯತಾ ವ್ಯವಸ್ಥೆಗಳನ್ನು 2014ರ ಒಪ್ಪಂದದಂತೆ ಒಂದುಗೂಡಿಸುವ ಕೆಲಸ 2020ರ ಜೂನ್‌ನಲ್ಲಿ ಮುಗಿಯಿತು. ಈಗ ದೇಶದ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಆಸ್ಟಿಯೋಪಥಿಕ್ ಕಾಲೇಜುಗಳಲ್ಲಿ ಓದುತ್ತಿದ್ದಾರೆ, ಅಂದರೆ ವೃತ್ತಿ ಬೆಳೆಯುತ್ತಿದೆ; ಆದರೆ ಅವರಲ್ಲಿ ಅನೇಕರು ಎಂ.ಡಿ.ಗಳ ನಡುವೆಯೇ ತರಬೇತಿ ಪಡೆದು, ಅದೇ ಆಸ್ಪತ್ರೆಯಲ್ಲಿ ನೌಕರಿ ಹಿಡಿದು, ಡಿ.ಒ.ಗಳ ಪ್ರತ್ಯೇಕ ಸಂಘ ತಮಗೇಕೆ ಬೇಕು ಎಂದು ಕೇಳುತ್ತಾರೆ. ಮಂಡಳಿಗೆ ಬರುವವರು ಉತ್ತರಿಸಬೇಕಾದ ಪ್ರಶ್ನೆ ಇದೇ.

ಗ್ರಾಮೀಣ ಕೌಂಟಿಯೊಂದರಲ್ಲಿ ಸ್ವಂತ ಕ್ಲಿನಿಕ್ ನಡೆಸುವ ಕುಟುಂಬ ವೈದ್ಯೆ ತಡವರಿಸದೆ ಉತ್ತರಿಸಿದರು. ವಾರ್ಷಿಕ ಸಮಾವೇಶದ ಔತಣಕೂಟ, ಅಚ್ಚಾಗುವ ಪತ್ರಿಕೆ, ಎರಡನ್ನೂ ನಿಲ್ಲಿಸುತ್ತೇನೆ. ರಾಜಧಾನಿಯಲ್ಲಿ ಶಾಸಕರನ್ನು ಕಾಣುವ ನಮ್ಮ ಪ್ರತಿನಿಧಿಯ ಗುತ್ತಿಗೆಯನ್ನು ಮಾತ್ರ ಮುಟ್ಟುವುದಿಲ್ಲ ಎಂದರು. ತಮ್ಮ ನರ್ಸ್ ಬೆಳಗಿನ ಹೊತ್ತೆಲ್ಲ ವಿಮಾ ಕಂಪನಿಗಳ ಫೋನ್ ಸಾಲಿನಲ್ಲಿ ಕಾಯುತ್ತಾರೆಂದೂ, ಒಂದು ಎಂಆರ್‌ಐಗೆ ಅನುಮತಿ ಬರುವುದರೊಳಗೆ ರೋಗಿ ಎಮರ್ಜೆನ್ಸಿಗೆ ಸೇರಿದ ಪ್ರಸಂಗಗಳಿವೆಯೆಂದೂ ಹೇಳಿದರು. ಆ ಮಾತುಗಳಲ್ಲಿ ಅಬ್ಬರವಿರಲಿಲ್ಲ. ಅವರ ಬಗ್ಗೆ ನಮ್ಮಲ್ಲಿ ಚರ್ಚೆಯೇ ಆಗಲಿಲ್ಲ.

ಎರಡನೆಯವರು ತುರ್ತು ಚಿಕಿತ್ಸಾ ತಜ್ಞರು. ಅವರಿಗೆ ಸಂಬಳ ಕೊಡುವುದು ಆಸ್ಪತ್ರೆಯಲ್ಲ, ಆಸ್ಪತ್ರೆಗಳಿಗೆ ವೈದ್ಯರನ್ನು ಒದಗಿಸುವ ಒಂದು ಕಂಪನಿ. ಆ ಕಂಪನಿಯ ಒಡೆತನ ಹೂಡಿಕೆದಾರರ ಕೈಯಲ್ಲಿದೆ. ಇಂತಹ ಒಡೆತನಕ್ಕೆ ಮಿತಿ ಹಾಕುವ ಮಸೂದೆ ಬಂದರೆ ಸಂಘ ಯಾವ ನಿಲುವು ತಾಳಬೇಕು ಎಂದು ಕೇಳಿದಾಗ, ಮಸೂದೆಯ ಪರವಾಗಿ ನಿಲ್ಲಬೇಕು ಎಂದವರು, ಒಂದು ಕ್ಷಣ ಬಿಟ್ಟು, ತಮ್ಮ ನೌಕರಿಯ ಕರಾರಿನಲ್ಲಿ ಕಂಪನಿಯ ವಿರುದ್ಧ ಬಹಿರಂಗವಾಗಿ ಮಾತನಾಡಬಾರದೆಂಬ ಷರತ್ತಿದೆ, ಆದ್ದರಿಂದ ಆ ದಿನ ತಾವು ಮತದಾನದಿಂದ ಹೊರಗಿರಬೇಕಾಗುತ್ತದೆ ಎಂದು ತಾವಾಗಿಯೇ ಹೇಳಿದರು. ನಮೂನೆಯಲ್ಲಿ ಆ ಷರತ್ತನ್ನು ಕೇಳಿರಲಿಲ್ಲ. ಹೊರಗಿರಬೇಕಾದವರನ್ನು ಒಳಗೆ ತರುವುದೇಕೆ ಎಂದು ಸಮಿತಿಯ ಒಬ್ಬರು ಆಮೇಲೆ ಆಕ್ಷೇಪಿಸಿದರು. ನನ್ನ ಅಭಿಪ್ರಾಯ ಬೇರೆಯಾಗಿತ್ತು. ಇಂದು ಈ ದೇಶದ ಹೆಚ್ಚಿನ ವೈದ್ಯರು ಇನ್ನೊಬ್ಬರ ನೌಕರರು. ಸ್ವಂತ ಕ್ಲಿನಿಕ್ ಇರುವವರಷ್ಟೇ ಮಂಡಳಿಗೆ ಬರಬೇಕೆಂದರೆ ಮಂಡಳಿ ಹಳೆಯ ಕಾಲದ ವೃತ್ತಿಯನ್ನು ಪ್ರತಿನಿಧಿಸುತ್ತದೆ, ಇಂದಿನದನ್ನಲ್ಲ. ತೊಡಕನ್ನು ಮುಚ್ಚಿಡುವವರಿಗಿಂತ ಕೇಳದೆಯೇ ಹೇಳುವವರು ಮೇಲು ಎಂದು ನಾನು ಗಟ್ಟಿಯಾಗಿಯೇ ವಾದಿಸಿದೆ.

ಮೂರನೆಯವರು ಕೈಚಿಕಿತ್ಸೆಯನ್ನು ಕಲಿಸುವ ಕಾಲೇಜು ಪ್ರಾಧ್ಯಾಪಕರು, ವಿದ್ಯಾವಂತರು, ಮಾತಿನಲ್ಲಿ ಸೊಗಸುಗಾರರು. ಹೊಸ ಹೊಸ ಖಾಸಗಿ ಕಾಲೇಜುಗಳು ತೆರೆಯುತ್ತಿರುವಾಗ ಮೂರನೆಯ, ನಾಲ್ಕನೆಯ ವರ್ಷದ ವಿದ್ಯಾರ್ಥಿಗಳಿಗೆ ಆಸ್ಪತ್ರೆಗಳಲ್ಲಿ ಕಲಿಯಲು ಜಾಗ ಸಾಲುತ್ತಿಲ್ಲ; ಈ ಬಗ್ಗೆ ಸಂಘ ಕಾಲೇಜುಗಳನ್ನು ಪ್ರಶ್ನಿಸಬೇಕೇ ಎಂದರೆ ಅವರ ಉತ್ತರ ಸುತ್ತು ಬಳಸಿನದಾಗಿತ್ತು. ಅವರಿಗೆ ಸಂಬಳ ಕೊಡುವ ಕಾಲೇಜೇ ನಮ್ಮ ಸಮಾವೇಶಕ್ಕೆ ಪ್ರಾಯೋಜಕತ್ವವನ್ನೂ ಕೊಡುತ್ತದೆ, ಮಂಡಳಿಯಲ್ಲಿ ಆಗಲೇ ಆ ಕಾಲೇಜಿನವರಿದ್ದರು.

ನಾಲ್ಕನೆಯವರು ರೆಸಿಡೆನ್ಸಿ ಮುಗಿಸಿ ಹೆಚ್ಚು ಕಾಲವಾಗಿರದ, ಆಸ್ಪತ್ರೆಯ ಒಳರೋಗಿಗಳನ್ನು ನೋಡಿಕೊಳ್ಳುವ ಯುವ ವೈದ್ಯೆ. ಕಾಲೇಜು ಬಿಟ್ಟ ಮೇಲೆ ಕೈಚಿಕಿತ್ಸೆಯನ್ನು ಒಂದು ಸಲವೂ ಮಾಡಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದಾಗ ಸಮಿತಿಯ ಹಿರಿಯರೊಬ್ಬರ ಮುಖ ಬಿಗಿಯಿತು. ಹಾಗಾದರೆ ಈ ಸಂಘ ನಿಮಗೇಕೆ ಎಂಬ ಪ್ರಶ್ನೆ ತಕ್ಷಣ ಬಂತು. ತರಬೇತಿಯ ಅವಧಿಯಲ್ಲಿ ಸದಸ್ಯತ್ವ ಉಚಿತವಾಗಿತ್ತು, ಶುಲ್ಕದ ಮೊದಲ ಬಿಲ್ ಬಂದಾಗ ತಾನೂ ಅದೇ ಪ್ರಶ್ನೆ ಕೇಳಿಕೊಂಡೆ ಎಂದರು ಅವರು. ಮೈಮೇಲೆ ದೊಡ್ಡ ಮೊತ್ತದ ಶಿಕ್ಷಣ ಸಾಲ ಹೊತ್ತ ತನ್ನ ಸಹಪಾಠಿಗಳಿಗೆ ಸಂಘದಿಂದ ಬೇಕಾಗಿರುವುದು ಪದಕವೂ ಅಲ್ಲ, ಔತಣವೂ ಅಲ್ಲ. ನೌಕರಿಯ ಕರಾರಿಗೆ ಸಹಿ ಹಾಕುವ ಮುನ್ನ ಅದನ್ನು ಓದಿಕೊಡುವ ಒಬ್ಬ ವಕೀಲ ಎಂದರು. ಅದಕ್ಕಾಗಿ ಯಾವ ಖರ್ಚನ್ನು ಕಡಿಯಬೇಕೆಂಬ ಪಟ್ಟಿಯೂ ಅವರ ಬಳಿ ಇತ್ತು, ಸಂಘದ ಪ್ರಕಟಿತ ಆಯವ್ಯಯವನ್ನು ಓದಿಕೊಂಡು ಬಂದಿದ್ದರು. ಆರು ಜನರಲ್ಲಿ ಅದನ್ನು ಓದಿದ್ದವರು ಅವರೊಬ್ಬರೇ.

ಐದನೆಯವರು ಮಂಡಳಿಯಲ್ಲಿ ಹಿಂದೆ ಪೂರ್ಣ ಅವಧಿಗಳನ್ನು ಮುಗಿಸಿ, ಕಡ್ಡಾಯ ವಿರಾಮದ ನಂತರ ಮತ್ತೆ ಬರಲು ಇಚ್ಛಿಸಿದ ಹಿರಿಯರು. ರಾಜ್ಯದ ಶಾಸಕರಲ್ಲಿ ಅನೇಕರನ್ನು ಹೆಸರು ಹಿಡಿದು ಕರೆಯಬಲ್ಲವರು. ಏನನ್ನು ನಿಲ್ಲಿಸುತ್ತೀರಿ ಎಂದರೆ, "ಯಾವುದನ್ನೂ ನಿಲ್ಲಿಸಬೇಕಾಗಿಲ್ಲ, ಸದಸ್ಯರನ್ನು ಹೆಚ್ಚಿಸೋಣ," ಎಂದು ನಕ್ಕರು. ಆರನೆಯವರು ಸಭೆಗಳ ವೇಳಾಪಟ್ಟಿ ನೋಡಿದ ಮೇಲೆ ಅರ್ಜಿ ಹಿಂತೆಗೆದುಕೊಂಡರು.

ಹಿರಿಯರ ಬಗ್ಗೆ ನಾನು ಹಗುರವಾಗಿ ಮಾತನಾಡಿದಂತೆ ಕಂಡರೆ ಅದು ಅನ್ಯಾಯವಾದೀತು, ಏಕೆಂದರೆ ಸಂದರ್ಶನದ ಕೊನೆಗೆ ಅವರು ಹೇಳಿದ ಕ್ಯಾಲಿಫೋರ್ನಿಯಾದ ಪ್ರಸಂಗ ಇಡೀ ಪ್ರಕ್ರಿಯೆಯ ತೂಕವನ್ನೇ ನನ್ನ ಮಟ್ಟಿಗೆ ಬದಲಿಸಿತು. 1961ರಲ್ಲಿ ಆ ರಾಜ್ಯದ ಆಸ್ಟಿಯೋಪಥಿಕ್ ಸಂಘದ ಮುಂದಾಳುಗಳು ಎಂ.ಡಿ.ಗಳ ಸಂಘದ ಜೊತೆ ವಿಲೀನದ ಒಪ್ಪಂದ ಮಾಡಿಕೊಂಡರು. ಮರುವರ್ಷ ಎರಡು ಸಾವಿರಕ್ಕೂ ಹೆಚ್ಚು ಡಿ.ಒ.ಗಳು 65 ಡಾಲರ್ ಶುಲ್ಕ ಕಟ್ಟಿ ಎಂ.ಡಿ. ಪದವಿಯನ್ನು ಪಡೆದರು, ಲಾಸ್ ಏಂಜಲೀಸ್‌ನ ಅವರ ಕಾಲೇಜು ಎಂ.ಡಿ. ಕಾಲೇಜಾಗಿ ಬದಲಾಯಿತು, ಇಂದು ಅದು ಅರ್ವೈನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ. ಅದೇ ವರ್ಷ ನಡೆದ ಜನಮತ ಸಂಗ್ರಹದಲ್ಲಿ ಆ ರಾಜ್ಯ ಹೊಸ ಡಿ.ಒ.ಗಳಿಗೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ವಿಲೀನವನ್ನು ಒಪ್ಪದೆ ಉಳಿದ ಕೆಲವರು ಬೇರೆ ಸಂಘ ಕಟ್ಟಿಕೊಂಡು ಹೋರಾಡಿದರು, 1974ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಪರವಾನಗಿಯ ಬಾಗಿಲನ್ನು ಮತ್ತೆ ತೆರೆಯಿಸಿತು. ಒಂದು ರಾಜ್ಯದಲ್ಲಿ ಒಂದು ವೃತ್ತಿ ಹೆಚ್ಚುಕಡಿಮೆ ಇಲ್ಲವಾಗಲು ಹೊರಗಿನ ಶತ್ರುಗಳಷ್ಟೇ ಸಾಲಲಿಲ್ಲ, ಅದರದೇ ಸಂಘದ ನಾಯಕತ್ವದ ಸಹಿ ಬೇಕಾಯಿತು ಎಂದು ಆ ಹಿರಿಯರು ಹೇಳಿದರು. ಕೊನೆಯ ರಾಜ್ಯವಾದ ಮಿಸಿಸಿಪಿ ಡಿ.ಒ.ಗಳಿಗೆ ಪೂರ್ಣ ಹಕ್ಕು ಕೊಟ್ಟದ್ದು 1973ರಲ್ಲಿ. ತಾವು ಬೆಳೆದ ಕಾಲದಲ್ಲಿ ಇವೆಲ್ಲ ದಿನನಿತ್ಯದ ಮಾತಾಗಿದ್ದವು, ಈಗಿನ ಮಂಡಳಿಯಲ್ಲಿ ಅದನ್ನು ನೆನಪಿಟ್ಟವರು ಯಾರೂ ಇಲ್ಲ, ಅದಕ್ಕಾಗಿಯೇ ಮರಳಿ ಬರುತ್ತಿದ್ದೇನೆ ಎಂದರು. ಆಯವ್ಯಯದ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಆದರೆ ಮಂಡಳಿಯಲ್ಲಿ ಯಾರು ಕೂರುತ್ತಾರೆ ಎಂಬುದು ಏಕೆ ಮುಖ್ಯ ಎಂಬ ಪ್ರಶ್ನೆಗೆ ನಾನು ಕೇಳಿದ ಅತ್ಯುತ್ತಮ ಉತ್ತರ ಅವರದೇ.

ನಮ್ಮ ಅಂತಿಮ ಚರ್ಚೆ ತಡರಾತ್ರಿಯವರೆಗೆ ನಡೆಯಿತು. ಗ್ರಾಮೀಣ ವೈದ್ಯೆಯ ಹೆಸರು ಮೊದಲ ನಿಮಿಷಗಳಲ್ಲೇ ನಿಂತಿತು. ತುರ್ತು ಚಿಕಿತ್ಸಾ ತಜ್ಞರ ಹೆಸರು ಸ್ವಲ್ಪ ಜಗ್ಗಾಟದ ನಂತರ ಉಳಿಯಿತು. ಮೂರನೆಯ ಸ್ಥಾನಕ್ಕೆ ಹಿರಿಯರೋ ಯುವ ವೈದ್ಯೆಯೋ ಎಂಬಲ್ಲಿ ಸಮಿತಿ ಎರಡಾಯಿತು. ವಯಸ್ಸು, ಜಿಲ್ಲೆ, ತಜ್ಞತೆ, ಹೆಣ್ಣು ಗಂಡಿನ ಸಮತೋಲ ಎಲ್ಲವೂ ಮಾತಿಗೆ ಬಂದವು. ಕೊನೆಯದನ್ನು ಒಬ್ಬರು ಹೊಸಕಾಲದ ಹುಚ್ಚು ಎಂದಾಗ ನಾನು ಸುಮ್ಮನಿರಲಿಲ್ಲ. ಸ್ಟಿಲ್ ಅವರ 1892ರ ಮೊದಲ ತರಗತಿಯಲ್ಲಿಯೇ ಹೆಂಗಸರು ಇದ್ದರು. ಅಂತಹ ಆರಂಭವಿದ್ದ ವೃತ್ತಿಯ ರಾಷ್ಟ್ರೀಯ ಸಂಘಕ್ಕೆ ಕರೆನ್ ನಿಕೋಲ್ಸ್ ಅವರು ಮೊದಲ ಮಹಿಳಾ ಅಧ್ಯಕ್ಷರಾದದ್ದು 2010ರಲ್ಲಿ. ನಡುವಿನ ನೂರಹದಿನೆಂಟು ವರ್ಷ ಅರ್ಹರಾದ ಹೆಂಗಸರೇ ಇರಲಿಲ್ಲ ಎಂದು ಯಾರೂ ಹೇಳಲಾರರು. ಪಟ್ಟಿ ತಯಾರಿಸುವ ಕೋಣೆಗಳಲ್ಲಿ ಅವರ ಹೆಸರು ಬರಲಿಲ್ಲ, ಅಷ್ಟೇ.

ಆ ಘಟ್ಟದಲ್ಲಿ ನಾನು ಬೇರೊಂದು ಸಲಹೆ ಮುಂದಿಟ್ಟೆ. ಮೂರು ಸ್ಥಾನಕ್ಕೆ ನಾಲ್ಕು ಹೆಸರುಗಳನ್ನು ಕೊಡೋಣ, ಹಿರಿಯರನ್ನೂ ಯುವ ವೈದ್ಯೆಯನ್ನೂ ಸಭೆಯ ಮುಂದಿಡೋಣ, ಪ್ರತಿನಿಧಿಗಳು ಆರಿಸಲಿ. ಇದು ಸಹಜವಾದ ಮಾತೆಂದು ನಾನು ತಿಳಿದಿದ್ದೆ, ಆದರೆ ಬಂದ ವಿರೋಧ ಗಂಭೀರವಾಗಿತ್ತು. ಎಲ್ಲರ ಎದುರು ಸೋತವರು ಮತ್ತೆ ಸಂಘದ ಕಡೆ ತಲೆ ಹಾಕುವುದಿಲ್ಲ. ಸೋಲಬಹುದು ಎಂದು ಗೊತ್ತಿದ್ದರೆ ಒಳ್ಳೆಯವರು ಅರ್ಜಿಯನ್ನೇ ಹಾಕುವುದಿಲ್ಲ. ವೈದ್ಯರು ಬಿಡುವಿಲ್ಲದ ಜನ, ಸಂಬಳವಿಲ್ಲದ ಕೆಲಸಕ್ಕೆ ಅವರನ್ನು ಒಪ್ಪಿಸುವುದೇ ಕಷ್ಟ, ಮೇಲೆ ಪ್ರಚಾರವನ್ನೂ ಮಾಡಿ ಎನ್ನಲಾಗದು. ಕಚೇರಿಯ ನಿರ್ದೇಶಕರಿಗೆ ಮತದ ಹಕ್ಕಿರಲಿಲ್ಲ, ಆದರೆ ಅವರೂ ಮೆಲ್ಲಗೆ ಅದನ್ನೇ ಅನುಮೋದಿಸಿದರು. ನನ್ನ ಸಲಹೆ ಬಿದ್ದುಹೋಯಿತು. ಆಮೇಲೆ ಒಂದು ಮತದ ಅಂತರದಿಂದ ಯುವ ವೈದ್ಯೆಯ ಹೆಸರು ಪಟ್ಟಿಗೆ ಬಂತು. ನನ್ನ ಮತವೂ ಅವರಿಗೇ. ದೊಡ್ಡಪ್ಪ ಹೇಳಿದ ಕೆಲಸವನ್ನೇ, ತುಸು ಶಿಷ್ಟವಾದ ಭಾಷೆಯಲ್ಲಿ, ನಾವು ಮಾಡಿದ್ದೆವು.

ಆಯ್ಕೆಯಾಗದವರಿಗೆ ಪತ್ರ ಬರುವ ಮುನ್ನ ಸಮಿತಿಯವರೇ ಫೋನ್ ಮಾಡಿ ತಿಳಿಸಬೇಕು ಎಂಬುದು ನಮ್ಮ ಅಧ್ಯಕ್ಷರ ಕಟ್ಟುನಿಟ್ಟು. ಪ್ರಾಧ್ಯಾಪಕರಿಗೆ ಕರೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಾರಣ ಹೇಳಬಾರದು, ಚರ್ಚೆಯ ಸುಳಿವು ಕೊಡಬಾರದು, ಆದರೆ ಮುಂದಿನ ಸಲ ಅರ್ಜಿ ಹಾಕಿ ಎಂದು ಮನಃಪೂರ್ವಕವಾಗಿ ಹೇಳಬೇಕು. ಕ್ಯಾನ್ಸರ್ ಇದೆ ಎಂದು ರೋಗಿಗೆ ತಿಳಿಸುವುದನ್ನು ನಮಗೆ ಕಾಲೇಜಿನಲ್ಲಿ ಅಭ್ಯಾಸ ಮಾಡಿಸಿದ್ದಾರೆ, ಇದನ್ನು ಯಾರೂ ಕಲಿಸಿರಲಿಲ್ಲ. ಅವರು ಸೌಜನ್ಯದಿಂದಲೇ ಕೇಳಿಸಿಕೊಂಡು, ಕಾಲೇಜಿನವರು ಹೆಚ್ಚಾದರು ಎಂದು ಅಲ್ಲವೇ ಎಂದರು. ನಾನು ಹವಾಮಾನದಂತಹ ಏನನ್ನೋ ಹೇಳಿ ಕರೆ ಮುಗಿಸಿದೆ.

ಪ್ರತಿನಿಧಿ ಸಭೆಯ ದಿನ ಹೋಟೆಲಿನ ಸಭಾಂಗಣದಲ್ಲಿ ಮೊದಲು ಹಾಜರಾತಿ ಪರಿಶೀಲನೆ, ಕೋರಂ ಘೋಷಣೆ, ನಿರ್ಣಯಗಳ ವಾಚನ ಎಲ್ಲವೂ ಮುಗಿದ ಮೇಲೆ ಸಭಾಪತಿಗಳು ನಮ್ಮ ವರದಿಯನ್ನು ಕರೆದರು. ಮೂರು ಹೆಸರುಗಳನ್ನು ಓದಲಾಯಿತು. ಸಭೆಯಿಂದ ಬೇರೆ ನಾಮನಿರ್ದೇಶನಗಳಿವೆಯೇ ಎಂದು ಸಭಾಪತಿಗಳು ಕೇಳಿದರು, ರೂಢಿಯಂತೆ ಮೌನ. ಎರಡನೆಯ ಸಲ ಕೇಳಿದಾಗ ಹಿಂದಿನ ಸಾಲಿನಿಂದ ಒಬ್ಬ ಪ್ರತಿನಿಧಿ ಎದ್ದು ಮೈಕಿನ ಬಳಿ ನಡೆದು, ಆ ಹಿರಿಯರ ಹೆಸರು ಹೇಳಿದರು. ಅನುಮೋದನೆ ಇನ್ನೊಂದು ಜಿಲ್ಲೆಯಿಂದ ಬಂತು, ಅಂದರೆ ಮಾತು ಮೊದಲೇ ಆಗಿತ್ತು. ಸಭಾಂಗಣದಲ್ಲಿ ಗುಸುಗುಸು ಎದ್ದಿತು. ನಿಯಮ ಪುಸ್ತಕವನ್ನು ತಿರುವಿ ಹಾಕಿದ ಸಭಾಪತಿಗಳು ನಾಲ್ವರಿಗೂ ತಲಾ ಎರಡು ನಿಮಿಷ ಮಾತನಾಡುವ ಅವಕಾಶ ಕೊಟ್ಟು, ಕಾಗದದ ಮತಪತ್ರಗಳನ್ನು ಹಂಚಿಸಿದರು. ಅವು ಮೊದಲೇ ಸಿದ್ಧವಿರಲಿಲ್ಲ, ಕಚೇರಿಯ ಹುಡುಗಿಯೊಬ್ಬಳು ಹೋಟೆಲಿನ ಮುದ್ರಣಯಂತ್ರದ ಬಳಿ ಓಡಿದಳು. ಒಬ್ಬೊಬ್ಬರು ಮೂವರಿಗೆ ಮತ ಹಾಕಬಹುದು, ಗೆಲ್ಲಲು ಬಹುಮತ ಬೇಕು.

ನಾನು ಬಯಸಿದ ಸ್ಪರ್ಧೆ ಕಣ್ಣೆದುರೇ ನಡೆಯಿತು, ಆದರೆ ನಾನು ಊಹಿಸಿದಂತೆ ನಡೆಯಲಿಲ್ಲ. ಎರಡು ನಿಮಿಷಗಳಲ್ಲಿ ಹಿರಿಯರು ಕ್ಯಾಲಿಫೋರ್ನಿಯಾದ ಮಾತನ್ನು ಆಡಲಿಲ್ಲ. ಹಳೆಯ ಗೆಳೆಯರನ್ನು ನೆನೆದು, ಎಲ್ಲರನ್ನೂ ನಗಿಸಿ ಕುಳಿತರು. ಯುವ ವೈದ್ಯೆ ಆಯವ್ಯಯದ ಅಂಕಿಗಳನ್ನು ಓದುತ್ತಿರುವಾಗಲೇ ಸಮಯ ಮುಗಿದ ಗಂಟೆ ಬಾರಿಸಿತು. ಎಣಿಕೆದಾರರು ಮರಳಿ ಬಂದಾಗ ಹಿರಿಯರಿಗೆ ಎಲ್ಲರಿಗಿಂತ ಹೆಚ್ಚು ಮತ ಬಂದಿತ್ತು, ಗ್ರಾಮೀಣ ವೈದ್ಯೆ ಮತ್ತು ತುರ್ತು ಚಿಕಿತ್ಸಾ ತಜ್ಞರೂ ಗೆದ್ದಿದ್ದರು, ಯುವ ವೈದ್ಯೆ ಸೋತಿದ್ದರು. ಸಂದರ್ಶನದಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದಿಕೊಂಡು ಬಂದವರು ಅವರು ಎಂಬುದು ಆ ಸಭಾಂಗಣದಲ್ಲಿ ಸಮಿತಿಯ ನಮಗಷ್ಟೇ ಗೊತ್ತಿತ್ತು, ಅದನ್ನು ಹೇಳುವ ಹಕ್ಕು ನಮಗಿರಲಿಲ್ಲ. ಪ್ರತಿನಿಧಿಗಳ ಮುಂದೆ ಇದ್ದದ್ದು ಒಂದು ಪರಿಚಿತ ಮುಖ ಮತ್ತು ಒಂದು ಅಪರಿಚಿತ ಮುಖ; ಅವರು ಮತ್ತೇನು ಮಾಡಬಹುದಿತ್ತು?

ಸ್ಪರ್ಧೆ ಬೇಡವೆಂದು ವಾದಿಸಿದ್ದವರು ಊಟದ ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಬಂದು, ನೋಡಿದಿರಾ ಎಂದರು. ನೋಡಿದ್ದೆ, ಆದರೆ ಅವರಿಗೆ ಕಂಡದ್ದೇ ನನಗೆ ಕಾಣಲಿಲ್ಲ. ಸಮಿತಿಗೆ ಸಿಕ್ಕಿದ್ದ ಮಾಹಿತಿಯಲ್ಲಿ ಕಾಲುಭಾಗವೂ ಮತದಾರರಿಗೆ ಸಿಗದಿದ್ದರೆ ಸ್ಪರ್ಧೆಯಿಂದ ಪರಿಚಿತರಿಗೇ ಲಾಭ, ಅವಿರೋಧ ಆಯ್ಕೆಯಾದರೆ ಸಮಿತಿಯ ಕೆಲವೇ ಜನರಿಗೆ ಲಾಭ. ಎರಡರಲ್ಲೂ ಸದಸ್ಯರು ಕತ್ತಲಲ್ಲೇ ಇರುತ್ತಾರೆ. ಅಭ್ಯರ್ಥಿಗಳೆಲ್ಲರೂ ಒಂದೇ ಪ್ರಶ್ನಾವಳಿಗೆ ಬರೆದ ಉತ್ತರಗಳನ್ನು, ಹಿತಾಸಕ್ತಿ ಘೋಷಣೆಯ ಸಾರಾಂಶದೊಂದಿಗೆ, ಸಭೆಗೆ ಒಂದು ತಿಂಗಳು ಮೊದಲೇ ಎಲ್ಲ ಪ್ರತಿನಿಧಿಗಳಿಗೆ ಕಳಿಸಬೇಕು, ಸಭೆಯಿಂದ ಹೆಸರು ಸೂಚಿಸಲ್ಪಟ್ಟವರೂ ಅದೇ ಘೋಷಣೆಗೆ ಸಹಿ ಹಾಕಿದ ಮೇಲೆಯೇ ಮತದಾನವಾಗಬೇಕು ಎಂಬ ತಿದ್ದುಪಡಿಯನ್ನು ನಮ್ಮ ಜಿಲ್ಲಾ ಘಟಕದ ಮೂಲಕ ಬರೆದು ಕೊಟ್ಟೆ. ಅನುಮೋದಕರಾಗಿ ಸಹಿ ಹಾಕಿದವರಲ್ಲಿ ಮೊದಲಿಗರು, ನನಗೆ ಆಶ್ಚರ್ಯವಾಗುವಂತೆ, ಗೆದ್ದುಬಂದ ಆ ಹಿರಿಯರೇ. ಉಪವಿಧಿಯ ತಿದ್ದುಪಡಿಗೆ ಮೂರರಲ್ಲಿ ಎರಡು ಪಾಲು ಮತ ಬೇಕು. ಸದ್ಯಕ್ಕೆ ಅದು ಉಪವಿಧಿ ಸಮಿತಿಯ ಮುಂದಿದೆ. ಪ್ರಶ್ನಾವಳಿಯ ಕರಡನ್ನು ಯುವ ವೈದ್ಯೆ ಬರೆಯುತ್ತಿದ್ದಾರೆ, ಆಯವ್ಯಯದ ಪ್ರಶ್ನೆ ಅದರಲ್ಲಿ ಮೊದಲನೆಯದು.